ಕೆಂಪು ವಹಿಯ ಲೆಕ್ಕ

ಗ್ಲಾಸ್ಗೋ
ನವೆಂಬರ್ 16

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಚಳಿ ಇದೆ, ಆದರೆ ಅವ್ವ ಹೆದರುವಷ್ಟು ಇಲ್ಲ. ಕತ್ತಲೆಯ ಕಾಟವೇ ಹೆಚ್ಚು. ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಅಂಗಡಿ ಮುಚ್ಚಿಕೊಂಡು ಹೋಗಿಬಿಡುತ್ತಾನೆ. ಕಲಬುರಗಿಯಲ್ಲಿ ನಾಲ್ಕು ಗಂಟೆಯೆಂದರೆ ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲು ಇನ್ನೂ ಯೋಚಿಸಬೇಕಾದ ಹೊತ್ತು.

ಫೋನಿದ್ದೂ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೋದ ರವಿವಾರ ಅಪ್ಪ ಕೇಳಿದಿರಿ, "ದಿನಾಲು ಚಿತ್ರ ತೆಗೆಯುತ್ತೀಯಲ್ಲ, ಇಲ್ಲಿಯವರೆಗೆ ಎಷ್ಟು ಮಾರಿದೆ?" ನಾನು, ದನಿ ಕೇಳಿಸುತ್ತಿಲ್ಲ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ದನಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಉತ್ತರ ಇರಲಿಲ್ಲ, ಅಷ್ಟೇ.

ಉತ್ತರಕ್ಕೆ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಇಲ್ಲಿಗೆ ಹೊರಟ ವರ್ಷ ದೀಪಾವಳಿಗೆ ದಾಲ್ ಮಿಲ್ಲಿನಲ್ಲಿ ಪೂಜೆಗಿಟ್ಟ ವಹಿಗಳಲ್ಲಿ ಒಂದು ಹೆಚ್ಚಾಯಿತೆಂದು ನನಗೆ ಕೊಟ್ಟಿದ್ದಿರಿ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. "ಅಲ್ಲಿಯ ಖರ್ಚು ಬರೆದಿಡು" ಎಂದಿದ್ದಿರಿ. ನಾಲ್ಕು ದಿನ ಬರೆದೆ: ಹಾಲು, ಬ್ರೆಡ್ಡು, ಬಸ್ಸು, ಕೊಡೆ. ಐದನೆಯ ದಿನ ಗಾಳಿಗೆ ಕೊಡೆ ಮುರಿಯಿತು. ಕೊಡೆಯ ಬೆಲೆ ಬರೆದ ಸಾಲಿನ ಪಕ್ಕದಲ್ಲೇ ಅದರ ಮುರಿದ ಕಡ್ಡಿಗಳನ್ನು ಪೆನ್ನಿನಿಂದ ತೆಗೆದೆ. ಅಲ್ಲಿಗೆ ಲೆಕ್ಕ ನಿಂತಿತು, ಚಿತ್ರ ನಿಲ್ಲಲಿಲ್ಲ. ಈಗ ವಹಿ ಮುಕ್ಕಾಲು ತುಂಬಿದೆ. ಅರಿಸಿನ ಕುಂಕುಮ ಹಚ್ಚಿ ನೀವು "ಶ್ರೀ" ಬರೆದುಕೊಟ್ಟ ಮೊದಲ ಹಾಳೆಯನ್ನು ಮಾತ್ರ ಮುಟ್ಟಿಲ್ಲ.

ಲೆಕ್ಕಕ್ಕಾಗಿ ಮಾಡಿದ ಹಾಳೆ ಬಣ್ಣಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ನೀರುಬಣ್ಣಕ್ಕೆಂದು ಇಲ್ಲಿ ಮಾರುವ ಕಾಗದ ಚದರ ಮೀಟರಿಗೆ 300 ಗ್ರಾಂ ತೂಗುತ್ತದೆ, ಹೆಚ್ಚುಕಡಿಮೆ ರಟ್ಟಿನಂತೆ. ವಹಿಯ ಹಾಳೆಯ ಮೇಲೆ ಒದ್ದೆ ಕುಂಚ ಇಟ್ಟರೆ ಹಪ್ಪಳ ಕರಿದ ಹಾಗೆ ಸುರುಳಿಗೊಳ್ಳುತ್ತದೆ, ಬಣ್ಣ ಹಿಂದಿನ ಪುಟಕ್ಕೆ ಇಳಿಯುತ್ತದೆ. ಅದಕ್ಕೆ ಎರಡು ಹಾಳೆಗಳನ್ನು ಗೋಂದಿನಿಂದ ಅಂಟಿಸಿ, ಮೇಲೆ ಜೆಸ್ಸೊ ಎಂಬ ಬಿಳಿಯ ಲೇಪ ಬಳಿಯುತ್ತೇನೆ. ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ ಹೊಡೆದ ಹಾಗೆಯೇ: ಒಂದು ಸಲ ಅಡ್ಡ, ಒಣಗಿದ ಮೇಲೆ ಒಂದು ಸಲ ಉದ್ದ. ತೆಳ್ಳಗೆ ಬಳಿದರೆ ಜಮಾ-ಖರ್ಚಿನ ಕೆಂಪು ಗೆರೆಗಳು ಅಡಿಯಿಂದ ಮಸುಕಾಗಿ ಕಾಣುತ್ತವೆ. ಮೊದಮೊದಲು ಅವನ್ನು ಮುಚ್ಚಲು ಒದ್ದಾಡಿದೆ. ಈಗ ಬೇಕೆಂದೇ ಬಿಡುತ್ತೇನೆ. ಆ ಗೆರೆ ಇಲ್ಲದ ಬಿಳಿ ಹಾಳೆ ಎದುರಿಗೆ ಬಂದರೆ ಕೈ ಏಳುವುದಿಲ್ಲ.

ಅವ್ವ, ನನ್ನ ಚಿತ್ರದಲ್ಲಿ ಏನೇನೋ ಬೆರೆತಿದೆ ಎಂದು ವೈನಿ ನಿನಗೆ ಹೇಳಿದ್ದಾಳಂತೆ. ನಿಜ. ಇದನ್ನು ಮಿಶ್ರ ಮಾಧ್ಯಮ ಎನ್ನುತ್ತಾರೆ. ನಿನಗೆ ಹೇಳುವುದಾದರೆ ಎಳ್ಳಮಾವಾಸ್ಯೆಯ ಭಜ್ಜಿ. ಕಾಳು, ಸೊಪ್ಪು, ಕಾಯಿಪಲ್ಯೆ ಎಲ್ಲ ಒಂದೇ ಪಾತ್ರೆಗೆ ಬೀಳುತ್ತವೆ ನಿಜ, ಆದರೆ ಯಾವುದು ಯಾವಾಗ ಬೀಳಬೇಕೆಂದು ನಿನ್ನ ಕೈಗೆ ಗೊತ್ತು. ಇಲ್ಲಿಯೂ ಅಷ್ಟೇ. ಮೇಣದ ಬಳಪ ಹಚ್ಚುವುದಿದ್ದರೆ ಅದು ಎಲ್ಲಕ್ಕಿಂತ ಮೊದಲು. ಮೇಣ ನೀರನ್ನು ಒಲ್ಲೆ ಎನ್ನುವುದರಿಂದ, ಮೇಲೆ ಬಣ್ಣದ ನೀರು ಹಾಯಿಸಿದಾಗ ಅಷ್ಟು ಜಾಗ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಕಿಟಕಿಯ ಗಾಜಿನ ಮೇಲಿನ ಮಳೆಹನಿಗೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ, ಮತ್ತು ಈ ಊರಿನಲ್ಲಿ ಮಳೆಹನಿಗೆ ಬರವಿಲ್ಲ. ಆಮೇಲೆ ಶಾಯಿಯ ಗೆರೆ, ಅದು ಒಣಗಿದ ಮೇಲೆ ನೀರುಬಣ್ಣ, ಅದೂ ಪೂರ್ತಿ ಆರಿದ ಮೇಲೆ ಬಣ್ಣದ ಪೆನ್ಸಿಲ್. ಕಟ್ಟಕಡೆಗೆ, ಒಗ್ಗರಣೆಯ ಹಾಗೆ, ಬಿಳಿಯ ಚುಕ್ಕೆಗಳು. ನಡುನಡುವೆ ಟಿಕೆಟ್ಟು, ಚಹಾದ ಪೊಟ್ಟಣದ ಚೂರು, ಅವ್ವ ಕಳಿಸಿದ ಶೇಂಗಾ ಚಟ್ನಿಯ ಪೊಟ್ಟಣಕ್ಕೆ ಸುತ್ತಿದ್ದ ಕನ್ನಡ ಪತ್ರಿಕೆಯ ಒಂದು ತುಂಡು, ಇವೆಲ್ಲ ಅಂಟಿಕೊಳ್ಳುತ್ತವೆ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಅವ್ವ ವಿಡಿಯೊ ಕರೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದುದನ್ನು ಒಂದು ಸಂಜೆ ತೆಗೆದೆ. ಕೈ, ಬಳೆ, ಮೊರದ ಅಂಚು ಎಲ್ಲವೂ ಅಪರೂಪಕ್ಕೆ ಸರಿಯಾಗಿ ಕುಳಿತಿದ್ದವು. ಆದರೆ ಪೆನ್ನಿನಲ್ಲಿ ಇದ್ದದ್ದು ನೀರಿಗೆ ಕರಗುವ ಮಾಮೂಲಿ ಶಾಯಿ. ಕುಂಚ ತಾಗಿಸಿದ್ದೇ ತಡ, ಅವ್ವನ ಮೂಗುಬಟ್ಟು ಗಲ್ಲದವರೆಗೆ ನೀಲಿಯಾಗಿ ಹರಿಯಿತು. ಅಳು ಬಂತು, ಸುಳ್ಳೇಕೆ ಹೇಳಲಿ. ಮರುದಿನವೇ ನೀರಿಗೆ ಕದಲದ ಕಪ್ಪು ಶಾಯಿ ತಂದೆ. ಹಾಳೆಯನ್ನು ಮಾತ್ರ ಹರಿಯಲಿಲ್ಲ. ವಹಿಯ ಹಾಳೆ ಹರಿಯಬಾರದು, ತಪ್ಪನ್ನು ಉಜ್ಜಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು ಎಂದು ಅಪ್ಪ ನೂರು ಸಲ ಹೇಳಿದ್ದೀರಲ್ಲ. ನಾನು ರಬ್ಬರ್ ಬಳಸುವುದನ್ನು ಬಿಟ್ಟದ್ದು ಆ ಮಾತಿನಿಂದಲೇ. ತಪ್ಪಿದ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ. ಹಾಗಾಗಿ ನನ್ನ ಚಿತ್ರಗಳಲ್ಲಿ ಜನರಿಗೆ ಕೆಲವೊಮ್ಮೆ ಎರಡು ಮೂಗು.

ದಿನಾಲು ಎಂದರೆ ನಾನು ಗಂಟೆಗಟ್ಟಲೆ ಕೂರುವುದಿಲ್ಲ. ಊಟದ ವಿರಾಮದಲ್ಲಿ ಹತ್ತು ನಿಮಿಷ, ರಾತ್ರಿ ಬಣ್ಣಕ್ಕೆ ಕಾಲು ಗಂಟೆ. ಶನಿವಾರ ಮಾತ್ರ ಸಬ್‌ವೇ. ಇಲ್ಲಿಯ ನೆಲದಡಿಯ ರೈಲು ಊರಿನ ಕೆಳಗೆ ಬಳೆಯಂತೆ ಸುತ್ತುತ್ತದೆ. 1896ರಲ್ಲಿ ಶುರುವಾದದ್ದು, 15 ನಿಲ್ದಾಣಗಳು, ಪೂರ್ತಿ ಒಂದು ಸುತ್ತಿಗೆ 24 ನಿಮಿಷ. ಡಬ್ಬಿಗಳು ಎಷ್ಟು ಚಿಕ್ಕವೆಂದರೆ ಎದುರಿನವರ ಮೊಣಕಾಲು ನಮ್ಮದಕ್ಕೆ ತಾಗುವುದೊಂದು ಬಾಕಿ. ಹಿಲ್‌ಹೆಡ್‌ನಲ್ಲಿ ಹತ್ತಿ, ಒಂದು ಸುತ್ತು ಮುಗಿಸಿ ಹಿಲ್‌ಹೆಡ್‌ನಲ್ಲೇ ಇಳಿಯುತ್ತೇನೆ. ಸುತ್ತು ಮುಗಿದಾಗ ಚಿತ್ರವೂ ಮುಗಿಯಬೇಕು, ಅರ್ಧವಾಗಿದ್ದರೂ ಸರಿ. ನಮ್ಮ ಅಣ್ಣನಿಗೆ ಹೇಳಿದರೆ, ಎಲ್ಲಿಗೂ ಹೋಗದೆ ಟಿಕೆಟ್ ತೆಗೆಯುವವಳು ನೀನೊಬ್ಬಳೇ ಎನ್ನುತ್ತಾನೆ.

ಮೊನ್ನೆ ಎದುರಿಗೆ ಒಬ್ಬ ಅಜ್ಜ ಕುಳಿತಿದ್ದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿದ್ದರು. ಬೋಳುತಲೆಯ ಮೇಲೆ ದೀಪ ಬಿದ್ದು ಹೊಳೆಯುತ್ತಿದ್ದ ಜಾಗಕ್ಕೆ ಮೇಣ ಹಚ್ಚಿ, ಬೇಗಬೇಗ ಗೆರೆ ಎಳೆಯುತ್ತಿದ್ದೆ. ನಿದ್ದೆಯಲ್ಲಿದ್ದಾರೆಂದು ನನ್ನ ಲೆಕ್ಕ. ಎರಡು ನಿಲ್ದಾಣ ದಾಟಿದ ಮೇಲೆ ಕಣ್ಣು ತೆರೆಯದೆಯೇ, "ಮುಗಿಯಿತೇ?" ಎಂದರು. ನನ್ನ ಕೈ ಅಲ್ಲೇ ನಿಂತಿತು. ವಹಿಯನ್ನು ತಿರುಗಿಸಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಮೂಗು ಇಷ್ಟು ದೊಡ್ಡದಿಲ್ಲ ಎಂದರು. ಆಮೇಲೆ ಟೋಪಿಯನ್ನು ತಲೆಗೆ ಹಾಕಿಕೊಂಡು, ಈಗ ಚಿತ್ರ ತೆಗೆ ಎನ್ನುವಂತೆ ನೆಟ್ಟಗೆ ಕುಳಿತರು. ನಾನು ಚಿತ್ರದ ಬೋಳುತಲೆಯ ಮೇಲೆಯೇ ಟೋಪಿಯ ಗೆರೆ ಎಳೆಯಲು ಹೋದೆ. ಮೇಣದ ಮೇಲೆ ಶಾಯಿ ನಿಲ್ಲಲಿಲ್ಲ, ಜಾರಿ ಹೋಯಿತು. ಗೋವನ್‌ನಲ್ಲಿ ಇಳಿಯುವಾಗ ಚಿತ್ರ ನೋಡಿ, "ನನ್ನ ಟೋಪಿ ಎಲ್ಲಿ?" ಎಂದು ಕೇಳಿದರು. ಚಿತ್ರದಲ್ಲಿ ಅವರಿಗೆ ಅರ್ಧ ಟೋಪಿ ಇದೆ.

ಅಣ್ಣ ಇದೇ ಚಿತ್ರವನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು, ಕಾಕಾ ಅದನ್ನು ನೋಡಿ, "ಪಂಡಿತರ ಊರಿನಲ್ಲಿ ಹುಟ್ಟಿದವಳು ಇದೇನು ಗೀಚಿದ್ದಾಳೆ" ಎಂದು ಬರೆದದ್ದು. ಕಾಕಾನ ಮೇಲೆ ಸಿಟ್ಟಿಲ್ಲ. ಕಲಬುರಗಿಯಲ್ಲಿ ಯಾರು ಕುಂಚ ಹಿಡಿದರೂ ಎಸ್.ಎಂ. ಪಂಡಿತರ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ. 1916ರಲ್ಲಿ ನಮ್ಮೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳಿಂದ ಹೆಸರು ಮಾಡಿ, ಕ್ಯಾಲೆಂಡರಿನ ದೇವರುಗಳ ಮೂಲಕ ಮನೆಮನೆಯ ಗೋಡೆ ಹತ್ತಿದವರು. 1993ರಲ್ಲಿ ತೀರಿಕೊಂಡರು, ನಾನು ಹುಟ್ಟುವುದಕ್ಕೆ ಮೊದಲೇ. ಶಾಲೆಯ ಕಾರ್ಯಕ್ರಮಕ್ಕೆ ಅವರ ಹೆಸರಿನ ರಂಗಮಂದಿರಕ್ಕೆ ಹೋದಾಗಲೆಲ್ಲ ಆ ಹೆಸರು ಓದಿ ಒಳಗೆ ಕಾಲಿಟ್ಟವಳು ನಾನು. ಅವರ ಕೆಲಸ ಅವರಿಗಿರಲಿ. ದೇವರುಗಳು ಅವರೆದುರು ಅಲುಗಾಡದೆ ನಿಂತಿರುತ್ತಿದ್ದರು, ನನ್ನವರು ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುತ್ತಾರೆ. ಇದನ್ನು ಕಾಕಾನಿಗೆ ಓದಿ ಹೇಳಬೇಡಿ, ಉದ್ಧಟತನ ಎನ್ನಿಸೀತು.

ಈಗ ಅಪ್ಪನ ಪ್ರಶ್ನೆ. ಒಂದೂ ಮಾರಿಲ್ಲ. ಮಾರುವ ಯೋಚನೆಯೂ ಇಲ್ಲ. ಅಪ್ಪ, ಮೂವತ್ತು ವರ್ಷ ನೀವು ದಿನಾಲು ಕಿರ್ದಿ ಬರೆದಿರಿ. ಎಷ್ಟು ಚೀಲ ತೊಗರಿ ಬಂತು, ಎಷ್ಟು ಬೇಳೆ ಹೋಯಿತು, ಹಮಾಲರಿಗೆ ಎಷ್ಟು ಕೊಟ್ಟದ್ದು. ವ್ಯಾಪಾರ ಇಲ್ಲದ ದಿನವೂ ತಾರೀಖು ಹಾಕಿ "ಇಲ್ಲ" ಎಂದು ಒಂದು ಸಾಲು ಬರೆಯದೆ ಮನೆಗೆ ಬಂದವರಲ್ಲ. ಆ ಕಿರ್ದಿಯನ್ನು ಯಾರಾದರೂ ಕೊಳ್ಳಲು ಬಂದಿದ್ದರೆ ನೀವು ಏನೆನ್ನುತ್ತಿದ್ದಿರಿ? ನನ್ನದೂ ಕಿರ್ದಿಯೇ. ಜಮಾ ಕಡೆಗೆ ಚಿತ್ರ. ಖರ್ಚಿನ ಕಡೆಗೆ ಹೀಗೆ: "24 ನಿಮಿಷ, ಒಂದು ಟಿಕೆಟ್, ಸ್ವಲ್ಪ ಮರ್ಯಾದೆ." ಜ್ವರ ಬಂದ ದಿನ "ಇಲ್ಲ" ಎಂದು ಬರೆದಿದ್ದೇನೆ, ಅಂಥವು ಒಟ್ಟು ಒಂಬತ್ತು.

ಪುಟ್ಟಿ ಆನೆಯ ಚಿತ್ರ ಕೇಳಿದ್ದಳಲ್ಲ, ಅದರ ಬಣ್ಣದ ನಕಲನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಕೆಲ್ವಿನ್‌ಗ್ರೋವ್ ಎಂಬ ವಸ್ತುಸಂಗ್ರಹಾಲಯದಲ್ಲಿ ಸರ್ ರೋಜರ್ ಎಂಬ ಏಷ್ಯಾದ ಆನೆಯನ್ನು, ಸತ್ತ ಮೇಲೆ ಚರ್ಮದೊಳಗೆ ತುಂಬಿ, ಜೀವಂತ ಇದ್ದ ಹಾಗೆಯೇ ನಿಲ್ಲಿಸಿದ್ದಾರೆ. ಮಳೆ ಬಂದಾಗ ಹೋಗಿ ಅದರೆದುರು ಕೂರುತ್ತೇನೆ, ಒಳಗೆ ಹೋಗಲು ದುಡ್ಡು ಕೇಳುವುದಿಲ್ಲ. ಈ ಊರಿನಲ್ಲಿ ಅಲುಗಾಡದೆ ಕುಳಿತುಕೊಡುವುದು ಅದೊಂದೇ.

ಇನ್ನು ಅವ್ವನಿಂದ ಒಂದು ಕೆಲಸವಾಗಬೇಕು. ಹೋದ ತಿಂಗಳು ನೆನಪಿನಿಂದಲೇ ನಮ್ಮೂರನ್ನು ತೆಗೆಯಲು ಕುಳಿತೆ. ಮೊದಲು ಕೋಟೆಯೊಳಗಿನ ಜಾಮಿ ಮಸೀದಿ. 1367ರದ್ದು, ನಡುವೆ ಬಯಲು ಅಂಗಳವಿಲ್ಲದೆ ಪೂರ್ತಿ ಛಾವಣಿ ಹೊದ್ದದ್ದು ಎಂದು ಬಾಯಿಪಾಠ ಇದೆ. ಆದರೆ ಕಮಾನು ಎಲ್ಲಿಂದ ಬಾಗುತ್ತದೆ ಎಂಬುದು ಕೈಗೆ ಬರಲಿಲ್ಲ. ಒಳಗಿನ ತಂಪು ನೆನಪಾಯಿತು, ಅದನ್ನು ತೆಗೆಯುವುದು ಹೇಗೆ? ಸರಿ, ನಮ್ಮ ಅಂಗಳವಾದರೂ ಬರುತ್ತದೆಂದು ಶಹಾಬಾದ್ ಕಲ್ಲಿನ ಹಾಸು ತೆಗೆಯಲು ಹೊರಟೆ. ಗೆರೆಗಳು ಬಂದವು. ಬಾವಿಯ ಕಡೆಯ ಒಡಕು ಕಲ್ಲೂ ಬಂತು. ಬಣ್ಣ ಬರಲಿಲ್ಲ. ಇಟ್ಟಿಗೆಕಂದಿಗೆ ನೀಲಿ ಬೆರೆಸಿದರೆ ಬೂದಿ ಬಣ್ಣ ಹುಟ್ಟುತ್ತದೆ. ನೀಲಿ ಹೆಚ್ಚು ಮಾಡಿದೆ, ಇಲ್ಲಿಯ ಆಕಾಶದಂತೆ ಆಯಿತು. ಕಂದು ಹೆಚ್ಚು ಮಾಡಿದೆ, ಕೆಸರಾಯಿತು. ಚಹಾದ ನೀರನ್ನೂ ಹಾಕಿ ನೋಡಿದೆ. ಇಪ್ಪತ್ತು ವರ್ಷ ದಿನಾಲು ತೊಳೆದ ಕಲ್ಲಿನ ಬಣ್ಣ ನನಗೆ ಗೊತ್ತಿಲ್ಲ.

ಆದ್ದರಿಂದ ಅವ್ವ, ಬೆಳಿಗ್ಗೆ ಹತ್ತರ ಸುಮಾರಿಗೆ, ಬಿಸಿಲು ಬಾಗಿಲಿನವರೆಗೆ ಬಂದಾಗ, ಆ ಒಡಕು ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದು ಸ್ವಲ್ಪ ಹೊತ್ತು ನೋಡು. ಪುಟ್ಟಿಯ ಕೈಯಲ್ಲಿ ಫೋಟೊ ತೆಗೆಸಬೇಡ, ಮೊಬೈಲು ಎಲ್ಲವನ್ನೂ ಚಂದ ಮಾಡಿಬಿಡುತ್ತದೆ. ಒದ್ದೆಯಾದಾಗ ಅದು ಯಾವುದಕ್ಕೆ ಹತ್ತಿರ? ಪಾರಿವಾಳದ ರೆಕ್ಕೆಗೋ, ಒಲೆಯ ಆರಿದ ಬೂದಿಗೋ, ಕರಿ ಎಳ್ಳನ್ನು ಕುಟ್ಟಿದಾಗಿನ ಬಣ್ಣಕ್ಕೋ? ಅಂಚಿನಿಂದ ಒಣಗುತ್ತದೆಯೋ ನಡುವಿನಿಂದಲೋ? ನಿನಗೆ ಅನ್ನಿಸಿದ ಹಾಗೆ ಹೇಳು, ಅಪ್ಪ ಬರೆದುಕೊಳ್ಳಲಿ.

ಅಪ್ಪ, ವಹಿ ಎಳ್ಳಮಾವಾಸ್ಯೆಯವರೆಗೂ ಬರುವುದಿಲ್ಲ. ಮಿಲ್ಲಿನಲ್ಲಿ ಈ ದೀಪಾವಳಿಯದು ಉಳಿದಿದ್ದರೆ ಎರಡು ಕಳಿಸಿ. ದಪ್ಪ ಹಾಳೆಯದು ಬೇಡ, ಇದೇ ಇರಲಿ. ಮೊದಲ ಹಾಳೆಯಲ್ಲಿ "ಶ್ರೀ" ನೀವೇ ಬರೆಯಿರಿ.

ಇಂತಿ ನಿಮ್ಮ ಮಗಳು