ಇಂಟರ್‌ವ್ಯೂ ಮುಗಿಸಿ ಕಾಯುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೆಲಸ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ಒಂದು ಕಂಪನಿಯವರು ನನ್ನನ್ನು ರೌಂಡ್ ಮೇಲೆ ರೌಂಡ್ ಇಂಟರ್‌ವ್ಯೂ ಮಾಡಿದರು. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ "ನಿಮ್ಮ ಬಗ್ಗೆ ಹೇಳಿ" ಅಂತ ಮೊದಲಿಂದ ಶುರು. ಒಬ್ಬರಂತೂ ಕ್ಯಾಮೆರಾ ಆಫ್ ಮಾಡಿಕೊಂಡಿದ್ದರು. ನಾನು ಉತ್ತರ ಹೇಳುತ್ತಿದ್ದರೆ ಆ ಕಡೆಯಿಂದ ಕೀಬೋರ್ಡ್ ಕುಟ್ಟುವ ಸದ್ದು ಬರುತ್ತಿತ್ತು. ಆಮೇಲೆ ಅಸೈನ್‌ಮೆಂಟ್ ಕೊಟ್ಟರು, ಶನಿವಾರ ಭಾನುವಾರ ಕೂತು ಮುಗಿಸಿ ಕಳಿಸಿದೆ. "ಆಫರ್ ಪಕ್ಕಾ, ಈಗಿನ ಕೆಲಸ ಬಿಡೋದಕ್ಕೆ ನೋಟಿಸ್ ಕೊಟ್ಟುಬಿಡಿ" ಎಂದು ಎಚ್‌ಆರ್ ಫೋನಿನಲ್ಲಿ ಹೇಳಿದರು. ಪುಣ್ಯಕ್ಕೆ ನಾನು ಕೊಟ್ಟಿರಲಿಲ್ಲ. ಅಲ್ಲಿಂದ ಮುಂದೆ ಅವರು ಫೋನ್ ಎತ್ತಲಿಲ್ಲ, ಈಮೇಲ್‌ಗೆ ಉತ್ತರವಿಲ್ಲ. ಈಗ ಅದೇ ಹುದ್ದೆಗೆ ಮತ್ತೆ ಜಾಹೀರಾತು ಹಾಕಿದ್ದಾರೆ. ಬೇಡ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಒಂದು ಸಾಲಿನ ಉತ್ತರಕ್ಕೂ ನಾವು ಅರ್ಹರಲ್ಲವೇ?

ಬಾಯಿಮಾತು ನಂಬಿ ಯಾರೂ ರಾಜೀನಾಮೆ ಕೊಡಬೇಡಿ. ಹುದ್ದೆ, ಸಂಬಳ, ಸೇರುವ ದಿನಾಂಕ ನಮೂದಿಸಿದ ಆಫರ್ ಲೆಟರ್ ಕೈಗೆ ಬಂದ ಮೇಲಷ್ಟೇ ನೋಟಿಸ್. ಹಿನ್ನೆಲೆ ಪರಿಶೀಲನೆ ಮುಗಿದ ಮೇಲೇ ಆಫರ್ ಖಚಿತ ಎಂಬ ಷರತ್ತು ಹಲವು ಲೆಟರ್‌ಗಳಲ್ಲಿ ಇರುತ್ತದೆ, ಅದನ್ನೂ ಓದಿಕೊಳ್ಳಿ. ಎಷ್ಟು ರೌಂಡ್, ಫಲಿತಾಂಶ ಯಾವಾಗ ಎಂದು ಮೊದಲ ಕರೆಯಲ್ಲೇ ಕೇಳಿ. ಫೋನಿನಲ್ಲಿ ಹೇಳಿದ್ದನ್ನು ಅವತ್ತೇ ಈಮೇಲ್‌ನಲ್ಲಿ ಬರೆದು ಅವರಿಗೆ ಕಳಿಸಿಬಿಡಿ. ಅಸೈನ್‌ಮೆಂಟ್ ದಿನಗಟ್ಟಲೆ ಹಿಡಿಯುವಂತಿದ್ದರೆ ಚಿಕ್ಕದು ಮಾಡಿಕೊಡಿ ಎನ್ನಲು ಸಂಕೋಚ ಬೇಡ. ಟ್ರೈನಿಂಗ್, ಡೆಪಾಸಿಟ್ ಅಂತ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಇಂಥದ್ದು ಅನುಭವಿಸಿದವರು ಇಲ್ಲೇ ಬರೆಯಿರಿ. ಎಚ್‌ಆರ್ ಹೆಸರು, ನಂಬರ್ ಮಾತ್ರ ಹಾಕಬೇಡಿ.