ಇ–ಪುಸ್ತಕ ಬಂತು, ಕಂಪ್ಯೂಟರ್ ನೋಡಿದಿರಾ?

ಮಾನ್ಯರೇ,

ಕಾಲೇಜು ಲೈಬ್ರರಿಗಳಲ್ಲಿ ಇ–ಪುಸ್ತಕ ಓದುವ ಸಾಫ್ಟ್‌ವೇರ್ ಹಾಕಿಸುವ ಉತ್ಸಾಹ ನಮ್ಮ ಕಡೆಯೂ ಕಾಣುತ್ತಿದೆ. ಸಂತೋಷ. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೂ ಇದರಿಂದ ನಾಲ್ಕು ಕಾಸು ಸಿಗುತ್ತದೆ. ಆದರೆ ಕರೆ ಬರುವುದು ಮಾತ್ರ ಉದ್ಘಾಟನೆಯ ಹಿಂದಿನ ಸಂಜೆ. ‘ಬೆಳಿಗ್ಗೆ ಪ್ರೋಗ್ರಾಂ ಇದೆ, ಬಂದು ಹಾಕಿಕೊಟ್ಟು ಹೋಗಿ, ಅರ್ಧ ಗಂಟೆ ಕೆಲಸ ಅಷ್ಟೇ ತಾನೇ?’

ಈಚೆಗೆ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಆನ್ ಮಾಡಿದರೆ ಸ್ಕ್ರೀನಿನ ಮೂಲೆಯಲ್ಲಿ 2009ರ ಜನವರಿ 1 ಎಂದಿತ್ತು. ಮದರ್‌ಬೋರ್ಡಿನ ಸೆಲ್ ಸತ್ತಿತ್ತು. ಸಿಆರ್ 2032 ಎಂಬ, ನಾಣ್ಯದಷ್ಟಗಲದ ಸೆಲ್ ಅದು. ಅದು ಹೋದರೆ ಪ್ಲಗ್ ಕಿತ್ತಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದರೆ ಸೈಟು ಅಸಲಿ ಎಂದು ತೋರಿಸುವ ಸರ್ಟಿಫಿಕೇಟನ್ನು ಬ್ರೌಸರ್ ನಂಬುವುದಿಲ್ಲ, ಲಾಗಿನ್ ಆಗುವುದಿಲ್ಲ, ಎರವಲು ಪುಸ್ತಕದ ಗಡುವಿನ ಲೆಕ್ಕವೂ ಕೆಡುತ್ತದೆ. ಅಲ್ಲಿದ್ದವರು ಮೊದಲು ನೆಟ್ಟಿಗೆ ಬೈದರು, ಆಮೇಲೆ ಸಾಫ್ಟ್‌ವೇರಿಗೆ, ಕೊನೆಗೆ ನನಗೆ. ಸೆಲ್ ಬದಲಿಸಲು ಖರ್ಚು ಯಾವ ತಲೆಬರಹದಡಿ ಹಾಕಬೇಕೆಂದು ಚರ್ಚೆ ಬೇರೆ!

ಇನ್ನೊಂದು ತೊಡಕು ಡೀಪ್ ಫ್ರೀಜ್ ಎಂಬ ಸಾಫ್ಟ್‌ವೇರ್. ಹುಡುಗರು ಸೆಟ್ಟಿಂಗ್ ಕೆಡಿಸದಿರಲೆಂದು ಲ್ಯಾಬ್‌ಗಳಲ್ಲಿ ಹಾಕಿರುತ್ತಾರೆ. ರೀಸ್ಟಾರ್ಟ್ ಆದೊಡನೆ ಎಲ್ಲ ಹಳೆಯ ಸ್ಥಿತಿಗೆ ಮರಳುತ್ತದೆ. ಅದನ್ನು ತೆರೆಯದೆ ಇ–ಪುಸ್ತಕದ ರೀಡರ್ ಇನ್‌ಸ್ಟಾಲ್ ಮಾಡಿದರೆ ಮರುದಿನ ಅದರ ಸುಳಿವೇ ಇರುವುದಿಲ್ಲ. ತೆರೆಯೋಣವೆಂದರೆ ಪಾಸ್‌ವರ್ಡ್ ಇಟ್ಟ ಮೇಷ್ಟ್ರಿಗೆ ಗೌರಿಬಿದನೂರಿಗೆ ವರ್ಗವಾಗಿದೆ. ಫ್ರೀಜ್ ಇಲ್ಲದಿದ್ದರೆ ಉಲ್ಟಾ ಸಮಸ್ಯೆ: ಅಡೋಬ್ ಡಿಜಿಟಲ್ ಎಡಿಷನ್ಸ್ ಎಂಬ ರೀಡರ್‌ನಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಐಡಿ ಕೊಟ್ಟು ಎದ್ದುಹೋದರೆ ಮುಂದಿನವನು ಅವನ ಖಾತೆಯಲ್ಲೇ ಕೂರುತ್ತಾನೆ. ಹೆಲ್ಪ್ ಮೆನುವಿನಲ್ಲಿ ಆ ಐಡಿಯನ್ನು ಯಂತ್ರದಿಂದ ಅಳಿಸುವ ಆಯ್ಕೆಯಿದೆ, ಹೇಳಿಕೊಟ್ಟವರಿಲ್ಲ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಉಚಿತವಾಗಿ ಸಿಗುವ ಥೋರಿಯಂ ರೀಡರ್‌ನ ಈಗಿನ ಆವೃತ್ತಿಗೆ ಕನಿಷ್ಠ ವಿಂಡೋಸ್ 10 ಬೇಕು. 7ರಲ್ಲೇ ನಿಂತ ಯಂತ್ರಗಳಿಗೆ ಏನು ಹಾಕುವುದು?

ಕನ್ನಡದ ಪಾಡು ಹೇಳತೀರದು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ನೋಟ್ಸನ್ನು ಯುನಿಕೋಡ್‌ಗೆ (ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ) ಬದಲಿಸದೆ ಇ–ಪುಸ್ತಕ ಮಾಡಿದರೆ ಪುಟ ತುಂಬ ಇಂಗ್ಲಿಷ್ ಅಕ್ಷರಗಳ ಕಸ. ಅಂಧ ವಿದ್ಯಾರ್ಥಿಗಳು ಬಳಸುವ, ಸ್ಕ್ರೀನಿನಲ್ಲಿರುವುದನ್ನು ಗಟ್ಟಿಯಾಗಿ ಓದುವ ಎನ್‌ವಿಡಿಎ ಸಾಫ್ಟ್‌ವೇರ್ ಆ ಕಸವನ್ನೇ ಓದಿ ಹೇಳುತ್ತದೆ. ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಇದೇ.

ಸಾಫ್ಟ್‌ವೇರ್ ಖರೀದಿಗೆ ಸಹಿ ಹಾಕುವ ಮುನ್ನ ಇರುವ ಯಂತ್ರಗಳ ಪಟ್ಟಿ ಮಾಡಿಸಿ. ಯಾವ ವಿಂಡೋಸ್, ಎಷ್ಟು ರ‍್ಯಾಮ್, ಪಾಸ್‌ವರ್ಡ್ ಯಾರ ಬಳಿ ಎಂಬುದೆಲ್ಲ ಅದರಲ್ಲಿರಲಿ. ದುರಸ್ತಿಗೆ ಅದೇ ಆದೇಶದಲ್ಲಿ ಹಣ ಇಡಿ. ಒಂದು ಯಂತ್ರದಲ್ಲಿ ಹಾಕಿಸಿ, ವಿದ್ಯಾರ್ಥಿಗಳು ಒಂದು ವಾರ ಓದಿ ನೋಡಲಿ. ಉದ್ಘಾಟನೆಯ ಆಹ್ವಾನ ಪತ್ರಿಕೆ ಆಮೇಲೆ ಅಚ್ಚಾಗಲಿ.

– ಕಂಪ್ಯೂಟರ್ ರಿಪೇರಿ ಅಂಗಡಿಯವ, ಚಿಕ್ಕಬಳ್ಳಾಪುರ