ವಿಪಶ್ಯನ ಶಿಬಿರಕ್ಕೆ ಹೊರಡುವ ಮುನ್ನ

ಮಾನ್ಯರೇ,

ರಜೆ ಸಿಕ್ಕಿತೆಂದು ಹಲವರು ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೆಸರು ಕೊಡುತ್ತಾರೆ, ಎರಡನೇ ದಿನಕ್ಕೇ ಗಂಟುಮೂಟೆ ಕಟ್ಟಲು ನೋಡುತ್ತಾರೆ. ಬೆಂಗಳೂರು ಹೊರವಲಯದ ಧಮ್ಮ ಪಫುಲ್ಲ ವಿಪಶ್ಯನ ಕೇಂದ್ರದ ಹಸಿರು ಕಂಡು ಅದನ್ನು ವಿಶ್ರಾಂತಿಧಾಮ ಎಂದುಕೊಳ್ಳಬಾರದು. ಬೆಳಗಿನ ಜಾವ 4ಕ್ಕೆ ಎಬ್ಬಿಸುವ ಗಂಟೆ, ದಿನಕ್ಕೆ ಸುಮಾರು 10 ತಾಸು ಧ್ಯಾನ, 11ಕ್ಕೆ ಊಟ. ಹೊಸಬರಿಗೆ ಸಂಜೆ 5ಕ್ಕೆ ಚಹಾ, ಹಣ್ಣು, ಅಷ್ಟೇ.

ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಬಳಿಯ ಉಸಿರನ್ನಷ್ಟೇ ಗಮನಿಸಬೇಕು. ನಾಲ್ಕನೇ ದಿನ ವಿಪಶ್ಯನ, ಅಂದರೆ ಮೈಯ ಸಂವೇದನೆಗಳನ್ನು ಗಮನಿಸುವ ಅಭ್ಯಾಸ ಶುರು. ಆಮೇಲೆ ಒಂದು ತಾಸು ಕದಲದೆ ಕೂರುವ ಅಧಿಷ್ಠಾನ. ಮಂಡಿ ಹಿಡಿದುಕೊಳ್ಳುವುದು ಆಗಲೇ. ದಿಂಬಿನ ಮುಂದಿನ ಅಂಚಿನಲ್ಲಿ ಕೂತು, ಸೊಂಟ ಮಂಡಿಗಿಂತ ಎತ್ತರವಿದ್ದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಮಂಡಿ ನೆಲ ಮುಟ್ಟದಿದ್ದರೆ ಕೆಳಗೆ ಮಡಿಸಿದ ಟವೆಲ್ ಇಡಿ. ಅದೂ ಆಗದಿದ್ದರೆ ಕುರ್ಚಿ ಕೇಳಿ, ಸಂಕೋಚ ಬೇಡ.

ಮೌನವಿರುವುದು ಸಹಸಾಧಕರೊಡನೆ, ಆಚಾರ್ಯರ ಬಳಿ ಅನುಮಾನ ಕೇಳಬಹುದು. ಮಾನಸಿಕ ಕಾಯಿಲೆ, ಮಾತ್ರೆಗಳ ವಿವರವನ್ನು ಅರ್ಜಿಯಲ್ಲಿ ಖಂಡಿತ ಮುಚ್ಚಿಡಬೇಡಿ.